ನೆರಳು ಹಿಡಿಯುವ ಅಲೆ

ನಮ್ಮ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಈ ನೀರು ವೈಫೈ ಅಲೆಯನ್ನು ಹೀರುತ್ತದೆ, ಚೆದುರಿಸುತ್ತದೆ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಅಲೆ ಹೋಗುವಾಗ ನಡುವೆ ಯಾರಾದರೂ ಹಾದರೆ ಅಲೆಯಲ್ಲೊಂದು ನೆರಳು ಬೀಳುತ್ತದೆ. ಕಂಪ್ಯೂಟರು ಆ ನೆರಳನ್ನು ಓದಿ 'ಯಾರೋ ಇದ್ದಾರೆ' ಅನ್ನುತ್ತದೆ. ಅವನ ಕಿಸೆಯಲ್ಲಿ ಮೊಬೈಲು ಬೇಡ, ಬೆಳಕೂ ಬೇಡ. ಗೋಡೆಯಾಚೆಯ ಮನುಷ್ಯನ ಚಲನೆಯನ್ನು ಹೀಗೆ ಹಿಡಿಯಬಹುದೆಂದು ಅಮೆರಿಕದ ಎಂಐಟಿಯವರು 2013ರಲ್ಲೇ ತೋರಿಸಿದರು. ಬಯಲಲ್ಲಿ ಕೆಲಸ ಕಷ್ಟ. ಗಾಳಿಗೆ ಅಡಿಕೆ ಮರ ತೂಗಿದರೂ, ಮಳೆ ಹೊಡೆದರೂ ಅಲೆ ಕದಡುತ್ತದೆ. ಕಷ್ಟ ಅಂದರೆ ಆಗೋದೇ ಇಲ್ಲ ಅಂತಲ್ಲ.

ನೆರಳು ಅಂದಕೂಡಲೇ ಹಳೆಯದೊಂದು ಗಾಯ ನೆನಪಾಗುತ್ತದೆ. ಪೇಶ್ವೆಗಳ ರಾಜ್ಯದಲ್ಲಿ ಅಸ್ಪೃಶ್ಯನ ನೆರಳು ಬಿದ್ದರೂ ಮೈಲಿಗೆಯೆಂದು ಅವನನ್ನು ಬೀದಿಯಿಂದ ದೂರ ಇಟ್ಟದ್ದನ್ನು, ಗುರುತಿಗಾಗಿ ಕರಿ ದಾರ ಕಟ್ಟಿಸಿದ್ದನ್ನು ಅಂಬೇಡ್ಕರರು 1936ರಲ್ಲಿ ಬರೆದರು. ನಮ್ಮನ್ನು ಪತ್ತೆಹಚ್ಚುವ ಚಾಳಿ ಹಳೆಯದು. ಹತ್ತಿರ ಬಾರದಂತೆ ತಡೆಯಲಿಕ್ಕೇ ಆ ಪತ್ತೆ.

ಹಾಗಂತ ಅಲೆಯನ್ನೇ ಬೈಯೋಣವೇ? 2015ರ ನೇಪಾಳ ಭೂಕಂಪದಲ್ಲಿ ಅವಶೇಷದಡಿ ಸಿಕ್ಕಿದ್ದ ನಾಲ್ವರನ್ನು ಅವರ ಎದೆಬಡಿತದಿಂದಲೇ ಪತ್ತೆಮಾಡಿದ್ದು ಇದರ ನೆಂಟನಾದ ಮೈಕ್ರೋವೇವ್ ಅಲೆ. ನಮ್ಮ ಕಡಬ ತಾಲೂಕಿನ ಸುಬ್ರಹ್ಮಣ್ಯದಲ್ಲಿ 2022ರ ಆಗಸ್ಟ್ 1ರಂದು ಮನೆ ಮೇಲೆ ಗುಡ್ಡ ಕುಸಿದು ಇಬ್ಬರು ಪುಟ್ಟ ಅಕ್ಕತಂಗಿಯರು ಸತ್ತರು. ಮಣ್ಣಿನಡಿಯ ಜೀವವನ್ನು ಹುಡುಕುವ ಯಂತ್ರ ಯಾರಿಗೆ ಬೇಡ, ಮಾರಾಯ್ರೇ?

ಅಲೆಗೆ ಜಾತಿಯಿಲ್ಲ, ಅದನ್ನು ಹಿಡಿದ ಕೈಗೆ ಇದೆ. ನಾಳೆ ಪುತ್ತೂರಿನ ಕಡೆಯ ಧಣಿಯೊಬ್ಬ ತೋಟದ ಬೇಲಿಗೆ ಇದನ್ನು ಕಟ್ಟಿದ ಅನ್ನಿ. ಸೌದೆಗೆ ಬಂದ ಮುದುಕಿಯೂ ಯಂತ್ರಕ್ಕೆ 'ಯಾರೋ'. 'ಕಳ್ಳಿ' ಅಂತ ಹೆಸರಿಡುವವನು ಧಣಿ. ಅವಳ ಹತ್ತಿರ ಇದನ್ನು ಕೇಳಿದವರುಂಟೇ? ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಆ ಹಕ್ಕು ಸೌದೆ ಹೊರುವವಳಿಗೂ ಸೇರಿದ್ದು. ಅವಳನ್ನು ನೋಡುವ ಯಂತ್ರ ಮೊದಲು ಅವಳ ಕಣ್ಣಿಗೆ ಬೀಳಲಿ. ಎಲ್ಲಿದೆ, ಯಾರದು, ಯಾತಕ್ಕೆ ಅಂತ ಕೇಳುವ, ಬೇಡ ಅನ್ನುವ ಬಾಯಿ ಅವಳಿಗಿರಲಿ.

2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ಮನೆಗೆ ನೆಟ್‌ವರ್ಕ್ ಬಾರದೆ ಒಬ್ಬ ಹುಡುಗಿ ಮಳೆಯಲ್ಲಿ ರಸ್ತೆಬದಿ ಕೂತು ಪಾಠ ಕೇಳಿದಳು. ಅಪ್ಪ ಕೊಡೆ ಹಿಡಿದು ನಿಂತಿದ್ದ. ಆ ಮನೆಗೆ ಬಾರದ ಅಲೆ ಧಣಿಯ ಬೇಲಿಗೆ ಮೊದಲು ಬಂದರೆ, ಮೇಷ್ಟ್ರೇ, ಅದನ್ನು ಪ್ರಗತಿ ಅಂತ ಮಕ್ಕಳಿಗೆ ಯಾವ ಬಾಯಲ್ಲಿ ಹೇಳ್ತೀರಿ?