ಅಸುರ ಯಾವ ಕಡೆ ನಿಂತಿದ್ದಾನೆ?

ನಲವತ್ತು ವರ್ಷದಿಂದ ದೇವಿ ಕತೆ ಹಾಡುತ್ತಿದ್ದೇನೆ. ನಮ್ಮ ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಕನ್ನಡ ಮಾತಾಡುವ ದೇವಾಂಗರ ಬೀದಿಗಳಿವೆ. ಚೌಡಮ್ಮನ ಹಬ್ಬ ಬಂದರೆ ನನ್ನನ್ನೂ ಕರೆಯುತ್ತಾರೆ. ದೇವಲ ಮುನಿ ವಿಷ್ಣುವಿನ ಹೊಕ್ಕುಳ ತಾವರೆಯ ದಂಟಿನಿಂದ ನೂಲು ತರುವಾಗ ಅಸುರರು ಅಡ್ಡ ಹಾಕಿದ್ದು, ತಾಯಿ ಬಂದು ಅವರನ್ನು ಕೊಂದದ್ದು, ಅವರ ನೆತ್ತರು ಕಪ್ಪು, ಬಿಳಿ, ಕೆಂಪು, ಹಳದಿ, ಹಸಿರು ಅಂತ ಐದು ಬಣ್ಣವಾಗಿ ಹರಿದದ್ದು, ಮುನಿ ಅದರಲ್ಲೇ ನೂಲು ಅದ್ದಿದ್ದು, ಎಲ್ಲ ಹಾಡುತ್ತೇನೆ. ಕೇಳುವವರೆಲ್ಲ ದೇವಿ ಕಡೆ. ಹಾಡುವ ನಾನೂ ದೇವಿ ಕಡೆ. ಅಸುರನ ಕಡೆ ಒಬ್ಬನೂ ಇಲ್ಲ. ಹಾಗಿದ್ರೆ ಊರಲ್ಲಿ ಇಷ್ಟು ಅನ್ಯಾಯ ಮಾಡೋರು ಯಾರು?

ಈ ಪ್ರಶ್ನೆ ನನಗೆ ಹುಟ್ಟಿದ್ದು ಪೊಳ್ಳಾಚಿ ಹತ್ತಿರದ ಆನೆಮಲೆಯಲ್ಲಿ, ಮಾಸಾಣಿಯಮ್ಮನ ಗುಡಿಯಲ್ಲಿ. ಅಲ್ಲಿ ತಾಯಿ ಮಲಗಿರೋದನ್ನ ನೀವೂ ನೋಡಿರ್ತೀರಿ. ಹೊಳೆಯಲ್ಲಿ ತೇಲಿ ಬಂದ ಮಾವಿನಕಾಯಿ ತಿಂದಳು ಅನ್ನೋ ಒಂದೇ ತಪ್ಪಿಗೆ 'ನನ್ನನ್' ಎಂಬ ಅರಸ ಒಂದು ಹುಡುಗಿಯನ್ನು ಕೊಲ್ಲಿಸಿದನಂತೆ. 81 ಆನೆ, ಅವಳ ತೂಕದ ಚಿನ್ನದ ಬೊಂಬೆ ಕೊಡ್ತೀವಿ ಅಂದರೂ ಬಿಡಲಿಲ್ಲ ಅಂತ 'ಕುರುಂತೊಗೈ' ಎಂಬ ಹಳೇ ತಮಿಳು ಪದ್ಯಗಳಲ್ಲಿದೆ. ಆ ಹುಡುಗಿಯೇ ಮಾಸಾಣಿ ಅನ್ನೋದು ಜನರ ನಂಬಿಕೆ. ಅದಕ್ಕೇ ಅನ್ಯಾಯ ಆದವರು ಅಲ್ಲಿ ಮೆಣಸಿನಕಾಯಿ ಅರೆದು ನೀತಿಕಲ್ಲಿಗೆ ಹಚ್ಚುತ್ತಾರೆ.

ನಾನೂ ಹೋದೆ. ನನಗೂ ತಮ್ಮನಿಗೂ ಒಂದೇ ಬಾವಿ, ಮೋಟ್ರು ಬೇರೆ ಬೇರೆ, ನೀರಿಗೆ ಸರದಿ. ಒಂದು ರಾತ್ರಿ ನನ್ನ ಮೋಟ್ರಿನ ವೈರನ್ನ ಯಾರೋ ಕೊಯ್ದುಕೊಂಡು ಹೋದರು. ತಮ್ಮನ ವೈರು ಹಾಗೇ ಇತ್ತು. ಅದೇ ಸಾಕ್ಷಿ ಅಂತ ನಂಬಿಬಿಟ್ಟೆ.

ಅವನ ಹೆಸರು ನೆನೆದು ಅರೆಯೋಕೆ ಕೂತೆ. ಅರೀತಾ ಅರೀತಾ ಕೈ ಉರಿ ಹತ್ತಿತು. ಆಗ ನೆನಪಾಯ್ತು: ಇಪ್ಪತ್ತು ವರ್ಷದ ಹಿಂದೆ, ಬರಗಾಲದಲ್ಲಿ, ತಮ್ಮ ಹೆಂಡತಿ ಹೆರಿಗೆಗೆ ಅಂತ ಆಸ್ಪತ್ರೆಯಲ್ಲಿದ್ದ ವಾರ, ಅವನ ಸರದಿ ನೀರನ್ನೂ ನನ್ನ ಬಾಳೆಗೆ ತಿರುಗಿಸಿದ್ದೆ. ಅವನ ಅರಿಶಿನ ಒಣಗಿತು. ನಾನು ಬಾಯಿ ಬಿಡಲಿಲ್ಲ. ಈ ತಾಯಿ ನ್ಯಾಯ ಕೇಳೋಕೆ ಎದ್ದರೆ ಮೊದಲು ಯಾರನ್ನ ಕೇಳ್ತಾಳೆ?

ಅರೆದದ್ದನ್ನ ಹಚ್ಚಿದೆ, ಹೆಸರು ಹೇಳಲಿಲ್ಲ. ಮನೆಗೆ ಬಂದು ತಮ್ಮನಿಗೆ ನೀರಿನ ವಿಷಯ ಹೇಳಿದೆ. "ನಂಗೆ ಅವತ್ತೇ ಗೊತ್ತಿತ್ತಣ್ಣ" ಅಂದ. ಬೇರೇನೂ ಅನ್ನಲಿಲ್ಲ. ವೈರು ಕದ್ದವನು ಇವತ್ತಿಗೂ ಸಿಕ್ಕಿಲ್ಲ.

ಅಸುರ ನಮ್ಮೊಳಗೇ ಇದ್ದಾನೆ ಅಂತ ಹೇಳಿ ಮುಗಿಸೋದು ಸುಲಭ. ಅದು ಪೂರಾ ಸರಿಯಲ್ಲ. ಆ ಹುಡುಗಿಯನ್ನ ಹೆತ್ತವಳಿಗೆ "ನಿನ್ನೊಳಗಿನ ಅಸುರನ್ನ ಕೊಲ್ಲಮ್ಮ" ಅಂದರೆ ಅರಸನ ಪರ ಮಾತಾಡಿದ ಹಾಗೆ. ಹೊರಗೂ ಅಸುರರಿದ್ದಾರೆ: ದುಡಿದವರ ಕೂಲಿ ಮುರಿಯೋರು, ಬಡವರ ಜಾಗಕ್ಕೆ ಬೇಲಿ ಹಾಕೋರು. ಅವರೆದುರು ನಿಲ್ಲಲೇಬೇಕು. ನಾನು ಹೇಳೋದಿಷ್ಟೇ: ಇನ್ನೊಬ್ಬನನ್ನ ಅಸುರ ಅನ್ನೋ ಮುಂಚೆ, ಅವನು ಹಾಡೋ ಕತೆಯಲ್ಲಿ ನಾನು ಯಾರು ಅಂತ ಒಂದು ಸಲ ಕೇಳಿಕೊಳ್ಳಬೇಕು.

ಚೌಡಮ್ಮನ ಕತೆಯಲ್ಲಿ ಅಸುರರ ನೆತ್ತರು ಮಣ್ಣುಪಾಲಾಗಲಿಲ್ಲ, ನೂಲಿಗೆ ಬಣ್ಣವಾಯ್ತು. ನನ್ನ ತಪ್ಪೂ ಬಚ್ಚಿಟ್ಟಷ್ಟು ದಿನ ಒಳಗೇ ಕೊಳೀತಿತ್ತು. ಹೇಳಿದ ಮೇಲೆ ಒಂದು ಉಪಯೋಗಕ್ಕೆ ಬಂತು. ಈಗ ನಾವಿಬ್ಬರೂ ನೀರಿನ ಸರದಿಯನ್ನ ಮೋಟ್ರು ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡ್ತೀವಿ.