ರಾಜಿ ಮತ್ತು ರಸೀದಿ

ಹಕ್ಕು, ವಸೂಲಿ, ರಸೀದಿ, ತಕರಾರು, ರಾಜಿ. ಅರಬ್ಬಿ, ಪಾರಸಿಗಳಿಂದ ಬಂದ ಈ ಮಾತುಗಳು ಎಂದೋ ಕನ್ನಡದವೇ ಆಗಿಹೋಗಿವೆ. ಬರುವ ದಾರಿಯಲ್ಲಿ ಕೆಲವು ಅರ್ಥವನ್ನೂ ಬದಲಿಸಿಕೊಂಡವು. ತಕರಾರು ಎಂದರೆ ಮೂಲದಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು. ರಾಜಿ ಎಂದರೆ ಮನಸಾರೆ ಒಪ್ಪಿದವನು. ನಮ್ಮಲ್ಲಿ ರಾಜಿ ಎಂದರೆ ಇಬ್ಬರೂ ಸ್ವಲ್ಪ ಬಿಟ್ಟುಕೊಡುವುದು. ಎಷ್ಟೋ ಸಲ ದುರ್ಬಲನೊಬ್ಬನೇ ಬಿಟ್ಟುಕೊಡುವುದು. ಒಪ್ಪಿಗೆಗೂ ಬಿಟ್ಟುಕೊಡುವುದಕ್ಕೂ ಇರುವ ಈ ಅಂತರ ದಿನವೂ ಕಣ್ಣಿಗೆ ಬೀಳುವ ಜಾಗವೊಂದಿದೆ. ಅದು ವಾಹನ ನಿಲ್ಲಿಸುವ ಸ್ಟ್ಯಾಂಡು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಊರುಗಳ ಬೆಳಗು ಬೆಂಗಳೂರಿನ ಕಡೆಗೆ ಮುಖಮಾಡಿರುತ್ತದೆ. 2007ರಲ್ಲಿ ಇವು ಸೇರಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಮೊದಲೆರಡು ಊರಿನವರು ರೈಲು ಹಿಡಿಯುತ್ತಾರೆ. ಕನಕಪುರ, ಮಾಗಡಿಗಳಿಗೆ ಇಂದಿಗೂ ರೈಲಿಲ್ಲ, ಅಲ್ಲಿಯವರಿಗೆ ಬಸ್ಸೇ ಗತಿ. ಹಳ್ಳಿಯಿಂದ ಬೈಕಿನಲ್ಲಿ ಬಂದವರು ಅದನ್ನು ಎಲ್ಲಾದರೂ ಬಿಟ್ಟು ಹೋಗಬೇಕು. ಬೆಂಗಳೂರಿಗೆ ಕಾರಿನಲ್ಲೇ ಹೋದವರಿಗೆ ಆಸ್ಪತ್ರೆಯಲ್ಲೋ ಮಾಲಿನಲ್ಲೋ ಇದೇ ಪಾಡು. ಇಂಥ ಜಾಗಗಳನ್ನು ಹೆಚ್ಚಾಗಿ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಗುತ್ತಿಗೆ ಹಿಡಿದವನು ತಾನು ಕಟ್ಟಿದ್ದನ್ನು ಅವಧಿಯೊಳಗೆ ಹೊರಡಿಸಿಕೊಳ್ಳಬೇಕು. ತಕರಾರುಗಳು ಹುಟ್ಟುವುದು ಅಲ್ಲೇ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ತೆಗೆದರೆ ಒಂದು ದಿನವೋ ಎರಡು ದಿನವೋ? ಹೆಲ್ಮೆಟ್ಟಿಗೆ ಬೇರೆ ದುಡ್ಡು ಯಾಕೆ? ಟೋಕನ್ ಕಳೆದರೆ ಇಷ್ಟೊಂದು ಜುಲ್ಮಾನೆ ಹಾಕಲು ಹೇಳಿದವರು ಯಾರು? ಬೋರ್ಡಿನಲ್ಲಿ ಒಂದು ದರ, ಬಾಯಲ್ಲಿ ಇನ್ನೊಂದು. ಜಗಳ ಶುರುವಾಗುವಷ್ಟರಲ್ಲಿ ಹಿಂದೆ ನಿಂತವರು ಯಾರೋ ಹೇಳುತ್ತಾರೆ: "ಹೋಗ್ಲಿ ಬಿಡಣ್ಣ, ಹತ್ತು ರೂಪಾಯಿಗೆ ಏನು ಜಗಳ."

ಈ ಮಾತಿನಲ್ಲಿ ಒಳ್ಳೆಯತನವೇ ಇದೆ. ಆದರೆ ಕೇಳಬೇಕಾದ ಪ್ರಶ್ನೆ ಹತ್ತು ರೂಪಾಯಿಯದಲ್ಲ. ಹಣ ಕೊಟ್ಟು ಸುಮ್ಮನೆ ಹೋದವನು ಒಪ್ಪಿದ ಹಾಗಾಯಿತೇ?

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 17ನೇ ಶತಮಾನದ ಕೊನೆಯಲ್ಲಿ ಹೌದು ಎಂದ. ಒಂದು ದೇಶದ ಹೆದ್ದಾರಿಯಲ್ಲಿ ನಡೆದುಹೋದರೂ ಸಾಕು, ಅಲ್ಲಿಯ ಆಡಳಿತಕ್ಕೆ ಮೌನ ಸಮ್ಮತಿ ಕೊಟ್ಟಂತೆ ಎಂಬುದು ಅವನ ವಾದ. 1748ರಲ್ಲಿ ಡೇವಿಡ್ ಹ್ಯೂಮ್ ಇದನ್ನು ನಿರಾಕರಿಸಿದ. ನಿದ್ದೆಯಲ್ಲಿದ್ದವನನ್ನು ಹೊತ್ತು ತಂದು ಹಡಗಿಗೆ ಹಾಕಿ, ಇಷ್ಟವಿಲ್ಲದಿದ್ದರೆ ಸಮುದ್ರಕ್ಕೆ ಹಾರಬಹುದಿತ್ತಲ್ಲ ಎಂದರೆ ಅದು ಸಮ್ಮತಿಯಾಗುವುದೇ ಎಂದು ಕೇಳಿದ. ಆರು ಗಂಟೆಯ ರೈಲಿಗೆ ಓಡುತ್ತಿರುವವನು ಬೋರ್ಡಿನ ಕೆಳಗಿನ ಸಣ್ಣಕ್ಷರ ಓದಿ, ಷರತ್ತು ಹಿಡಿಸದೆ, ಬೈಕು ತಿರುಗಿಸಿಕೊಂಡು ಹಳ್ಳಿಗೆ ಹೋಗಬೇಕೇ?

ರೇಷ್ಮೆಗೂಡಿನ ವಹಿವಾಟು ಬಲ್ಲವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ರೀಲರ್ ಹರಾಜಿನಲ್ಲಿ ಕೊಟ್ಟ ಬೆಲೆ ರೈತನಿಗೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ಅವನಿಗಿದೆ. ಆದರೆ ಗೂಡನ್ನು ಮನೆಯಲ್ಲಿ ಎಷ್ಟು ದಿನ ಇಟ್ಟುಕೊಂಡಾನು? ಚಿಟ್ಟೆ ಕೊರೆದು ಹೊರಬಂದರೆ ಗೂಡು ನೂಲಿಗೆ ಬಾರದು. ಹಾಗಿದ್ದೂ ಬೇಡ ಎನ್ನುವ ಒಂದು ಕ್ಷಣ ಅವನಿಗೆ ಸಿಗುತ್ತದೆ, ಬೆಲೆ ಎಲ್ಲರ ಎದುರಿಗೆ ನಿಗದಿಯಾಗುತ್ತದೆ, ತಕ್ಕಡಿ ಕಣ್ಣ ಮುಂದಿರುತ್ತದೆ. ಸ್ಟ್ಯಾಂಡಿನಲ್ಲಿ ಆ ಕ್ಷಣವೇ ಇಲ್ಲ. ವ್ಯವಹಾರ ಪರಸ್ಪರ ಸಮ್ಮತಿಯಿಂದಲೇ ಆಗಬೇಕೆಂಬುದು ಇಸ್ಲಾಮಿನ ವ್ಯಾಪಾರ ನೀತಿಯ ಬುನಾದಿ. ಅಲ್ಲಿ ಬಳಸುವ 'ತರಾಜಿ' ಎಂಬ ಪದವೂ ನಮ್ಮ 'ರಾಜಿ'ಯೂ ಒಂದೇ ಧಾತುವಿನವು.

ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬ್ಯಾರಿ ಬೀವಿಸ್ ಎಂಬವರು 2013ರಲ್ಲಿ ಚೆಲ್ಮ್ಸ್‌ಫರ್ಡಿನ ಅಂಗಡಿ ಸಂಕೀರ್ಣವೊಂದರಲ್ಲಿ ಕಾರು ನಿಲ್ಲಿಸಿದರು. ಎರಡು ಗಂಟೆ ಉಚಿತ. ಅವರು 56 ನಿಮಿಷ ಹೆಚ್ಚು ನಿಲ್ಲಿಸಿದ್ದಕ್ಕೆ ಪಾರ್ಕಿಂಗ್‌ಐ ಎಂಬ ಕಂಪನಿ 85 ಪೌಂಡ್ ಕೇಳಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಜಾಗ ನೋಡಿಕೊಳ್ಳುವುದಕ್ಕೆ ಕಂಪನಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಕಂಪನಿಯೇ ಜಾಗದ ಮಾಲೀಕರಿಗೆ ವಾರಕ್ಕೆ 1000 ಪೌಂಡ್ ಕೊಡುತ್ತಿತ್ತು. ಜನ ತಡಮಾಡಿದರಷ್ಟೇ ಅದಕ್ಕೆ ಆದಾಯ. ನಮ್ಮ ಹರಾಜು ಗುತ್ತಿಗೆಯ ಅಣ್ಣನಂತಿದೆ ಇದು. 2015ರ ನವೆಂಬರಿನಲ್ಲಿ ಕೋರ್ಟು ಕಂಪನಿಯ ಪರವಾಗಿ ತೀರ್ಪಿತ್ತಿತು. ಬೋರ್ಡು ದೊಡ್ಡದಾಗಿತ್ತು, ಸ್ಪಷ್ಟವಾಗಿತ್ತು ಎಂಬುದು ಅದಕ್ಕೆ ಒಂದು ಮುಖ್ಯ ಕಾರಣ. ಏಳು ಮಂದಿಯಲ್ಲಿ ಲಾರ್ಡ್ ಟೌಲ್ಸನ್ ಒಬ್ಬರೇ ಒಪ್ಪಲಿಲ್ಲ. ಎದುರುಬದುರು ಕೂತು ಮಾತಾಡಿದ್ದರೆ ಗ್ರಾಹಕ ಈ ಷರತ್ತಿಗೆ ಒಪ್ಪುತ್ತಿದ್ದ ಎಂದು ಭಾವಿಸಲು ಆಧಾರವಿಲ್ಲ ಎಂಬುದು ಅವರ ನಿಲುವು. ನನ್ನ ಮಟ್ಟಿಗೆ ಆ ಒಬ್ಬರ ಮಾತೇ ಹೆಚ್ಚು ತೂಕದ್ದು.

ನಮ್ಮ ಕಾನೂನು ಈ ವಿಷಯದಲ್ಲಿ ಜನರು ತಿಳಿದಿರುವುದಕ್ಕಿಂತ ಮುಂದಿದೆ. ಪ್ರದರ್ಶಿಸಿದ ದರಕ್ಕಿಂತ ಹೆಚ್ಚು ವಸೂಲಿ ಮಾಡುವುದು, ರಸೀದಿ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದೂರಿಗೆ ಅರ್ಹ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. 1915ಕ್ಕೆ ಫೋನ್ ಮಾಡಿಯೂ ದೂರು ಹೇಳಬಹುದು. ಆದ ನಷ್ಟಕ್ಕೆ ತಾಳಮೇಳವಿಲ್ಲದ ದಂಡ ಹಾಕುವ ಕರಾರನ್ನು ಕಾಯಿದೆ ಅನ್ಯಾಯದ ಕರಾರು ಎಂದೇ ಕರೆದಿದೆ. ಆದರೆ ಆ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ, ರಾಜ್ಯ ಆಯೋಗದ ಮೆಟ್ಟಿಲೇ ಹತ್ತಬೇಕು. ಟೋಕನ್ ಕಳೆದ ಬಡವ ಹತ್ತುವ ಮೆಟ್ಟಿಲಲ್ಲ ಅದು. ಇನ್ನು ಟಿಕೆಟ್ಟಿನ ಮೇಲೆ 'ಸ್ವಂತ ಜವಾಬ್ದಾರಿ' ಎಂದು ಅಚ್ಚು ಹಾಕಿದ ಮಾತ್ರಕ್ಕೆ ಎಲ್ಲ ಹೊಣೆಯೂ ಕಳಚುವುದಿಲ್ಲ. ದೆಹಲಿಯ ಹೋಟೆಲೊಂದರ ಸಿಬ್ಬಂದಿಗೆ ಒಪ್ಪಿಸಿದ್ದ ಕಾರು 1998ರಲ್ಲಿ ಕಳವಾದಾಗ, ಅಂಥ ಒಕ್ಕಣೆ ಹೋಟೆಲಿನ ನಿರ್ಲಕ್ಷ್ಯವನ್ನು ಮುಚ್ಚಲಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ಬಂದದ್ದು 2019ರಲ್ಲಿ. ಕೀಲಿಕೈ ನಮ್ಮ ಜೇಬಿನಲ್ಲೇ ಉಳಿಯುವ ಬೈಕ್ ಸ್ಟ್ಯಾಂಡಿಗೆ ಅದು ಹಾಗೆಯೇ ಅನ್ವಯಿಸದು ಅನ್ನುವುದನ್ನೂ ಹೇಳಬೇಕು.

ಇಷ್ಟಾದರೂ "ಹೋಗ್ಲಿ ಬಿಡಣ್ಣ" ಉಳಿದೇ ಇರುತ್ತದೆ. ಕ್ಷಮೆ ದೊಡ್ಡದಲ್ಲವೇ ಎನ್ನುವವರಿದ್ದಾರೆ. ಮನುಷ್ಯನ ಹಕ್ಕಿಗೆ ಆದ ಅನ್ಯಾಯವನ್ನು ಅನ್ಯಾಯಕ್ಕೆ ಒಳಗಾದವನೇ ಕ್ಷಮಿಸಬೇಕು, ಬೇರೆಯವರು ಅವನ ಪರವಾಗಿ ಕ್ಷಮಿಸುವಂತಿಲ್ಲ ಎಂದು ನಮ್ಮ ಹಿರಿಯರು ಹುಕೂಕುಲ್ ಇಬಾದ್ ವಿವರಿಸುವಾಗ ಹೇಳುತ್ತಿದ್ದರು. ನನ್ನ ಹತ್ತು ರೂಪಾಯಿಯನ್ನು ನಾನು ಬಿಡಬಹುದು. ನನ್ನ ಹಿಂದೆ ನಿಂತ ಗಾರ್ಮೆಂಟ್ಸ್ ಹೆಣ್ಣುಮಗಳ ಹತ್ತು ರೂಪಾಯಿಯನ್ನು, ಬಣ್ಣದ ಕೈಯ ಬೊಂಬೆ ಕೆಲಸದವನ ಹತ್ತು ರೂಪಾಯಿಯನ್ನು ಬಿಡಲು ನಾನು ಯಾರು? ನಾನು ಸುಮ್ಮನೆ ಕೊಟ್ಟದ್ದು ಅವರ ಮಟ್ಟಿಗೆ ದರವಾಗಿಬಿಡುತ್ತದೆ. ನನಗೆ ಅದು ಔದಾರ್ಯ, ಅವರಿಗೆ ಮಾರನೇ ದಿನದ ಸುಂಕ.

ಹಾಗೆಂದು ಟಿಕೆಟ್ ಹರಿಯುವ ಹುಡುಗನ ಮೇಲೆ ಕೂಗಾಡುವುದನ್ನು ಹೋರಾಟವೆನ್ನಲಾಗದು. ದರ ಅವನದಲ್ಲ. ಲೆಕ್ಕ ಕಡಿಮೆ ಬಿದ್ದರೆ ಅವನ ಕೂಲಿಯಲ್ಲೇ ಮುರಿದುಕೊಳ್ಳುವ ಮಾಲೀಕರೂ ಇದ್ದಾರೆ. ಇಬ್ಬರು ಬಡವರು ಬೈದಾಡುವಾಗ ಗುತ್ತಿಗೆ ಕೊಟ್ಟವರೂ ಹಿಡಿದವರೂ ಅಲ್ಲಿರುವುದೇ ಇಲ್ಲ. ಹಣ ಕೊಟ್ಟು, ರಸೀದಿ ಕೇಳಿ ಪಡೆದು, ಅದರ ಹಿಂದೆ 'ತಕರಾರಿನೊಂದಿಗೆ ಪಾವತಿ' ಎಂದು ದಿನಾಂಕ, ಗಂಟೆ ಸಹಿತ ಬರೆಯಬಹುದು. ಬೋರ್ಡಿನ ಫೋಟೋ ತೆಗೆದುಕೊಂಡು, ಗುತ್ತಿಗೆ ಕೊಟ್ಟ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬಹುದು. ಅದೇ ಸ್ಟ್ಯಾಂಡಿನ ನಾಲ್ಕು ಜನರ ಸಹಿ ಬಿದ್ದರೆ ಇನ್ನೂ ಒಳ್ಳೆಯದು. ಮಾರನೇ ದಿನವೂ ಅಷ್ಟೇ ಕೇಳಿದರೆ ಆ ರಸೀದಿಯ ಹಿಂದೆಯೂ ಬರೆಯುವುದು.