ಹಕ್ಕಿಯ ಪಾಲು

ಮಾಗಿಯ ಚಳಿಯಲ್ಲಿ ಎರೆಯ ಹೊಲಕ್ಕೆ ಹೋಗಿ ನಿಂತವನಿಗೆ ಸಂಪತ್ತು ಎಂಬ ಶಬ್ದಕ್ಕೆ ಬೇರೊಂದು ಅರ್ಥ ಹೊಳೆಯುತ್ತದೆ. ಮಳೆ ನಿಂತು ತಿಂಗಳುಗಳೇ ಕಳೆದಿರುತ್ತವೆ. ಆದರೂ ಕರಿಯ ನೆಲವು ತನ್ನೊಡಲಲ್ಲಿ ಅಡಗಿಸಿಟ್ಟ ತೇವವನ್ನೇ ನೆಚ್ಚಿ ಹಿಂಗಾರಿ ಜೋಳವು ಆಳೆತ್ತರ ಬೆಳೆದು ತೆನೆಬಿಟ್ಟು ನಿಂತಿರುತ್ತದೆ. ಅತ್ತ ಕುಸುಬಿ, ಇತ್ತ ಗೋದಿ, ನಡುವೆ ಕಡಲೆ. ಕಡಲೆಯ ಎಲೆಯ ಮೇಲೆ ಕುಳಿತ ಇಬ್ಬನಿಯೂ ಹುಳಿಯಾಗಿರುತ್ತದೆ. ರಾತ್ರಿ ಆ ಗಿಡಗಳ ಮೇಲೆ ಶುಭ್ರವಾದ ಅರಿವೆಯನ್ನು ಹಾಸಿ, ಬೆಳಗಿನಲ್ಲಿ ಅದನ್ನು ಹಿಂಡಿ, ಹೊಟ್ಟೆನೋವಿನ ಔಷಧಕ್ಕೆಂದು ಶೀಸೆಯಲ್ಲಿ ತುಂಬಿಡುತ್ತಿದ್ದ ತಾಯಂದಿರನ್ನು ನಾವು ಕಂಡಿದ್ದೇವೆ.

ಸೀತನಿಯ ಸುಖವನ್ನು ಹೇಳದೆ ಮಾಗಿಯ ಮಾತು ಮುಗಿಯದು. ಹಾಲುಗಾಳು ಬಲಿಯುವ ಹದದಲ್ಲಿ ತೆನೆಯನ್ನು ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ತಿಕ್ಕಿ ಕಾಳು ಬಿಡಿಸಿ, ಬೆಲ್ಲದೊಡನೆಯೋ ಶೇಂಗಾ ಹಿಂಡಿಯೊಡನೆಯೋ ಬದುವಿನ ಮೇಲೆ ಕುಳಿತು ತಿನ್ನುವ ಆ ತುತ್ತಿಗೆ ಬೆಲೆ ಕಟ್ಟುವವರಾರು? ಸೀತನಿಯನ್ನು ಒಬ್ಬನೇ ಕುಳಿತು ತಿಂದವನನ್ನು ನಾವು ಕಾಣೆವು. ಹಾದಿಯಲ್ಲಿ ಹೋಗುವವನನ್ನೂ ಕೂಗಿ ಕರೆದು ಅವನ ಕೈಗೆ ಒಂದು ಹಿಡಿ ಹಾಕುವುದೇ ಅದರ ರೂಢಿ.

ಇಲ್ಲಿ ಯಾರಾದರೂ ಕೇಳಬಹುದು: ಲಿಂಗವಂತನು ಕಣ್ಣಿನ ಸುಖ, ನಾಲಗೆಯ ಸುಖಗಳಲ್ಲಿ ಹೀಗೆ ಮನಸ್ಸಿಡುವುದು ತಕ್ಕುದೇ? ಈ ಸಂದೇಹಕ್ಕೆ ಸಮಾಧಾನ ಕಠಿಣವಲ್ಲ. ಇಂದ್ರಿಯಗಳನ್ನು ಕೊಂದುಕೊಳ್ಳಿರೆಂದು ಶರಣರು ಬೋಧಿಸಲಿಲ್ಲ. ಅರ್ಪಿಸಿ ಅನುಭವಿಸಿರೆಂದು ಬೋಧಿಸಿದರು. ಅರ್ಪಿತವಾಗದುದು ಬರಿಯ ಪದಾರ್ಥ, ಅರ್ಪಿತವಾದುದು ಪ್ರಸಾದ. ಹಾಗಾದರೆ ಸೀತನಿಯೂ ಪ್ರಸಾದವಾಗಬಲ್ಲದು, ಮುಂಜಾವಿನ ಬಿಸಿಲೂ ಪ್ರಸಾದವಾಗಬಲ್ಲದು. ನಿಜವಾದ ತೊಡಕು ಇದರ ಮುಂದಿದೆ. ಅರ್ಪಿಸುವುದೆಂದರೆ ಕಣ್ಣುಮುಚ್ಚಿ ಕೈಮುಗಿದು ತಿನ್ನುವುದಷ್ಟೆಯೇ? ಆ ತೆನೆಯ ಮೇಲೆ ನಮ್ಮ ಹಕ್ಕೊಂದೇ ಇರುವುದೇ?

ಮಾಗಿಯಲ್ಲಿ ನಮ್ಮ ಹೊಲಗಳಿಗೆ ಬರುವ ಅತಿಥಿಗಳು ಹಲವರು. ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ಬಂದು ಜೋಳದ ಮೇಲೆ ಮೋಡದಂತೆ ಇಳಿಯುತ್ತವೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯ, ಟಿಬೆಟ್ಟುಗಳಲ್ಲಿ ಮರಿಮಾಡುವ ಈ ಹಕ್ಕಿಗಳು ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುವವು. 7,000 ಮೀಟರಿಗೂ ಮೇಲೆ ಅವು ಹಾರಿದುದು ದಾಖಲಾಗಿದೆ. ವಿರಳವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಹಿಡಿದುಕೊಳ್ಳುವ ವಿಶೇಷ ಶಕ್ತಿ ಅವುಗಳ ರಕ್ತಕ್ಕಿದೆ. ಹಗಲಿನಲ್ಲಿ ಕೆರೆಯ ನೀರಿನ ಮೇಲೆ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಣ ಹೊಲಗಳಿಗೆ ಮೇಯಲು ಹೋಗುತ್ತವೆ. 2024ರಲ್ಲಿ ಈ ಕೆರೆಯು ರಾಮ್ಸಾರ್ ತಾಣಗಳ ಪಟ್ಟಿಯಲ್ಲಿ ಸೇರಿ ಜಗತ್ತಿನ ಗಮನಕ್ಕೆ ಬಂದಿತು. ಇವಲ್ಲದೆ ನಮ್ಮವೇ ಆದ ಚಿಗರಿಗಳಿವೆ. ಅವುಗಳ ರಕ್ಷಣೆಗೆಂದು 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯವಾಯಿತು. ಆದರೆ ಅಭಯಾರಣ್ಯದ ಗಡಿ ಎಲ್ಲಿ, ರೈತನ ಬದು ಎಲ್ಲಿ ಎಂಬುದನ್ನು ಚಿಗರಿಯು ಅರಿಯದು.

ನೋಡುವ ಕಣ್ಣಿಗೆ ಇವೆಲ್ಲ ಆನಂದ. ಬಿತ್ತಿದವನ ಕಣ್ಣಿಗೆ?

ನಮ್ಮ ಬಾಲ್ಯದ ಒಂದು ಸಂಗತಿಯನ್ನು ಇಲ್ಲಿ ನಿವೇದಿಸುತ್ತೇವೆ. ತೆನೆ ಕಾಳುಗಟ್ಟುವ ಕಾಲದಲ್ಲಿ ಹಕ್ಕಿ ಕಾಯಲು ನಮ್ಮನ್ನು ಹೊಲದ ಅಟ್ಟದ ಮೇಲೆ ಕೂರಿಸುತ್ತಿದ್ದರು. ಕೈಯಲ್ಲಿ ಕವಣೆ, ಮಗ್ಗುಲಲ್ಲಿ ಕಲ್ಲಿನ ರಾಶಿ. ಕವಣೆಯನ್ನು ಬೀಸಿ ಸದ್ದುಮಾಡಿ ಹಕ್ಕಿಗಳನ್ನು ಎಬ್ಬಿಸಬೇಕು, ಅಷ್ಟೆ. ಒಂದು ಬೆಳಗಿನಲ್ಲಿ ಕಬ್ಬಕ್ಕಿಗಳ ಹಿಂಡು ಇಳಿದುದನ್ನು ಕಂಡು, ಗುರಿಯ ಹುಮ್ಮಸ್ಸಿನಲ್ಲಿ ಅದರ ನಡುವಿಗೇ ಕಲ್ಲೆಸೆದೆವು. ಹಿಂಡು ಎದ್ದಿತು; ಒಂದು ಮಾತ್ರ ಏಳಲಿಲ್ಲ. ಓಡಿ ಹೋಗಿ ಎತ್ತಿಕೊಂಡಾಗ ಅದರ ಮೈ ಇನ್ನೂ ಬೆಚ್ಚಗಿತ್ತು. ಕೊಕ್ಕಿನಲ್ಲಿ ಜೋಳದ ಕಾಳಿರಲಿಲ್ಲ; ಮಿಡತೆಯಿತ್ತು. ತಂದೆಯವರು ಬಂದು ನೋಡಿದರು. ಬೈಯಲಿಲ್ಲ. ಬದುವಿನಲ್ಲಿ ಒಂದು ಗುಣಿ ತೋಡಿ ಅದನ್ನು ಹೂಳಿ, "ಕಾಯಾಕ ಕಳಿಸಿದ್ದೆ ತಮ್ಮಾ, ಕೊಲ್ಲಾಕ ಕಳಿಸಿರಲಿಲ್ಲ" ಎಂದಷ್ಟೇ ಹೇಳಿ ಎತ್ತುಗಳ ಕಡೆಗೆ ಹೊರಟುಹೋದರು.

ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಸವಿಯಾದ ನೀತಿಕತೆಯಾದೀತು; ಆದರೆ ಸತ್ಯ ಅರ್ಧವೇ ಆದೀತು. ಮರುದಿನ ಅಟ್ಟವೇರಿದ ನಮ್ಮ ಕೈ ಕವಣೆಯನ್ನು ಬೀಸಲೊಲ್ಲದು. ಆ ವರುಷ ಹೊಲದ ಅಂಚಿನ ಸಾಲುಗಳೆಷ್ಟೋ ಕಾಳಿಲ್ಲದೆ ಬರಿದಾದವು. ಆಷಾಢದ ಹೊತ್ತಿಗೆ ಹಗೇವು ಬತ್ತಿ, ತಾಯಿಯವರು ನೆರೆಮನೆಯಿಂದ ಜೋಳವನ್ನು ಕಡ ತಂದರು. ಹಕ್ಕಿ ತಿಂದ ಕಾಳು ಸುಮ್ಮನೆ ಹೋದುದಲ್ಲ, ಮಕ್ಕಳ ರೊಟ್ಟಿಯಿಂದ ಹೋದುದು ಎಂಬುದನ್ನು ಅಂದು ಅರಿತೆವು. ಹಕ್ಕಿಯ ಸಾವೂ ನಿಜ, ಹಗೇವಿನ ಬರಿದೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಮರೆಯುವ ನೀತಿ ನೀತಿಯಲ್ಲ.

ಮರೆಯುವವರು ಎರಡು ಬಗೆ. ಮೊದಲನೆಯವರು, ಬೆಳೆ ತಿಂದುದೆಲ್ಲ ಕಳ್ಳ ಎನ್ನುವವರು. ವಿಷದ ಕಾಳು, ಉರುಲು, ವಿದ್ಯುತ್ತಿನ ತಂತಿ ಇವರ ಉಪಾಯಗಳು. ಇವರು ಲೆಕ್ಕದ ಒಂದೇ ಮಗ್ಗುಲನ್ನು ನೋಡುತ್ತಾರೆ. ನಮ್ಮಲ್ಲಿ ಜೋಳ ತಿನ್ನುವ ಇದೇ ಕಬ್ಬಕ್ಕಿಯು ಮರಿಮಾಡುವ ಕಾಲದಲ್ಲಿ ಮಿಡತೆಗಳನ್ನು ಅಪಾರವಾಗಿ ತಿನ್ನುವುದೆಂದು, ಚೀನಾದ ಷಿನ್‌ಜಿಯಾಂಗ್ ಪ್ರಾಂತದಲ್ಲಿ ಅದು ಗೂಡು ಕಟ್ಟಲು ಅನುಕೂಲ ಮಾಡಿಕೊಟ್ಟು ಬರಮಾಡಿಕೊಳ್ಳುತ್ತಾರೆ. ಅಲ್ಲಿ ಬಂಧು, ಇಲ್ಲಿ ಕಳ್ಳ, ಹಕ್ಕಿ ಒಂದೇ. ಇನ್ನು, ಅಳಿದು ಹೋದುದನ್ನು ಹಣ ಕೊಟ್ಟು ತರಲಾಗದು. ಎರೆಯ ನಾಡಿನ ಎರೆಭೂತವೆಂಬ ಹೆಗ್ಗಾತ್ರದ ಹಕ್ಕಿಯು ಇಂದು ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ.

ಎರಡನೆಯವರು ಮಾತಿನ ದಯಾವಂತರು. ಪಟ್ಟಣದಿಂದ ಮುಂಜಾನೆ ಬಂದು, ಕೆರೆಯ ದಂಡೆಯಲ್ಲಿ ನಿಂತು, ದುರ್ಬೀನಿನಲ್ಲಿ ಹೆಬ್ಬಾತನ್ನು ನೋಡಿ ಆನಂದಪಟ್ಟು, "ಎಲ್ಲವೂ ಶಿವನದು, ತಿಂದರೆ ತಿನ್ನಲಿ" ಎಂದು ಹೇಳಿ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುವವರು. ಹಾಗೆಂದು ನಾವೂ ಬರೆದುದುಂಟು, ಈ ಮಾತು ನಮಗೂ ತಟ್ಟಬೇಕು. ತನ್ನ ಕಾಯಕದಿಂದ ಬಂದುದನ್ನು ನೀಡುವುದು ದಾಸೋಹ. ಇನ್ನೊಬ್ಬನ ಕಣಜದಿಂದ ನೀಡಿಸಿ ತಾನು ಪುಣ್ಯವಂತನೆನಿಸಿಕೊಳ್ಳುವುದಕ್ಕೆ ದಾಸೋಹವೆಂಬ ಹೆಸರು ಸಲ್ಲದು. ಎರಡು ಎಕರೆಯ ಒಕ್ಕಲಿಗನ ಕಡಲೆಯನ್ನು ಮೇಯುವ ಹೆಬ್ಬಾತು ನಾಡಿಗೆಲ್ಲ ಆನಂದವೆಂದಾದರೆ, ಆ ಹಾನಿಯ ಪಾಲನ್ನೂ ನಾಡು ಹೊರುವುದು ನ್ಯಾಯ. ಸರಕಾರವು ಪರಿಹಾರವಾಗಿ ಕೊಡಲಿ, ಊರು ಧಾನ್ಯವಾಗಿ ಕೊಡಲಿ, ನೋಡಲು ಬಂದವನು ಕಾಣಿಕೆಯಾಗಿ ಕೊಡಲಿ. ಕೊಡದೆ ಪಡೆದ ಆನಂದ ಪ್ರಸಾದವಾಗದು, ಅದು ಪದಾರ್ಥವೇ.

ಹಾಗಾದರೆ ಎಷ್ಟು ಕೊಡಬೇಕು? ಈ ಪ್ರಶ್ನೆಗೆ ಆಯ್ದಕ್ಕಿ ಲಕ್ಕಮ್ಮನ ಮನೆಯ ಕತೆ ದಾರಿ ತೋರುತ್ತದೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ತಂದಾಗ, ಬೇಕಾದುದನ್ನು ಮೀರಿದ ಆ ಅಕ್ಕಿಯನ್ನು ತಂದಲ್ಲಿಗೇ ಸುರಿದು ಬರುವಂತೆ ಆ ತಾಯಿ ಕಳುಹಿಸಿದಳು. ಬೇಕಾದುದು ಎಲ್ಲಿ ಮುಗಿಯಿತು, ಆಸೆ ಎಲ್ಲಿ ತೊಡಗಿತು ಎಂಬ ಗೆರೆಯನ್ನು ಆಕೆ ಬಲ್ಲವಳಾಗಿದ್ದಳು. ನಮ್ಮ ಹೊಲಕ್ಕೂ ಈ ಅಳತೆಯೇ ಸಾಕು. ಹಗೇವು ಬತ್ತುವ ಮನೆಯವನು ಕವಣೆ ಬೀಸಿ ಕಾಯಲಿ, ಅದೂ ಕಾಯಕವೇ. ಅವನಿಗೆ ಧರ್ಮ ವಿಧಿಸುವುದು ಕೊಲ್ಲಬೇಡವೆಂಬುದಿಷ್ಟೇ. ಆದರೆ ಉಂಡು ಮಿಕ್ಕು ಮಾರುವಷ್ಟು ಬೆಳೆಯುವವನು ಹತ್ತು ಸಾಲಿಗಾಗಿ ವಿಷ ಹಾಕಿದರೆ, ಅವನ ಕಣಜದಲ್ಲಿ ಮಾರಯ್ಯನ ಹೆಚ್ಚಿನ ಅಕ್ಕಿ ಕುಳಿತಿದೆಯೆಂದೇ ತಿಳಿಯಬೇಕು.

ನಮ್ಮ ಹಿರಿಯರು ಶಾಸ್ತ್ರ ಓದದೆಯೂ ಇದನ್ನು ಬಲ್ಲವರಾಗಿದ್ದರು. ಎಳ್ಳಮಾವಾಸ್ಯೆಯ ದಿನ ಚಕ್ಕಡಿ ಕಟ್ಟಿ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಪಲ್ಯ ಬಾನಗಳ ಬುತ್ತಿಯನ್ನು ಬಿಚ್ಚಿ, ತಾವು ಉಣ್ಣುವ ಮೊದಲು ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಆ ದಿನ ಗಮನಿಸತಕ್ಕುದು ಒಂದಿದೆ: ಬೆಳೆ ಇನ್ನೂ ಕೈಗೆ ಬಂದಿರುವುದಿಲ್ಲ. ರಾಶಿ ಎಷ್ಟಾಗುವುದೋ ತಿಳಿಯುವುದಕ್ಕೆ ಮುಂಚೆಯೇ ಪಾಲು ಹಂಚಲಾಗಿರುತ್ತದೆ. ಮಿಕ್ಕರೆ ಕೊಡುತ್ತೇವೆ ಎನ್ನುವವನಿಗೆ ಎಂದೂ ಮಿಗುವುದಿಲ್ಲ ಎಂಬುದನ್ನು ಅವರು ಕಂಡಿದ್ದರು.

ಇಂದು ಚರಗವನ್ನು ಚೆಲ್ಲುತ್ತೇವೆ. ಮರುದಿನ ಚೆಲ್ಲಿದ ಕೈಯಿಂದಲೇ ವಿಷದ ಕಾಳನ್ನೂ ಚೆಲ್ಲಿದರೆ ಆ ಹಬ್ಬ ಬರಿಯ ಊಟವಾಗುತ್ತದೆ. ಶರಣಬಂಧುಗಳಲ್ಲಿ ನಮ್ಮ ವಿನಂತಿ ಚಿಕ್ಕದು. ಅನುಕೂಲವಿದ್ದವರು ಬರುವ ಮಾಗಿಯಲ್ಲಿ ಹೊಲದ ಅಂಚಿನ ಒಂದು ಸಾಲನ್ನು ಕೊಯ್ಯದೆ ಬಿಡಲಿ. ಹೊಲವಿಲ್ಲದವರು, ಆ ಹಕ್ಕಿಗಳಿಗೆ ಅನ್ನವಿಟ್ಟ ರೈತನ ಕಾಳನ್ನು ಕೊಳ್ಳುವಾಗ ಚೌಕಾಶಿ ಮಾಡದಿರಲಿ. ಆ ಬಳಿಕ ಬದುವಿನ ಮೇಲೆ ಕುಳಿತು ಸೀತನಿ ತಿಂದರೆ, ಎಲ್ಲರಿಗೂ ಸಂದು ಉಳಿದ ನಮ್ಮ ಪಾಲನ್ನಷ್ಟೇ ತಿಂದೆವೆಂಬ ಸಮಾಧಾನ ಆ ತುತ್ತಿನಲ್ಲಿರುವುದು.